ತೊಳೆದ ಮೇಲೇ ಕಂಡ ಚಿತ್ರ

ಮೂವತ್ತಾರರ ರೋಲ್ ಸ್ಟುಡಿಯೋಗೆ ಕೊಟ್ಟು, ಫೋಟೋ ಬಿದ್ದಿದೆಯೋ ಇಲ್ಲವೋ ಅಂತ ವಾರಗಟ್ಟಲೆ ಕಾದವರಿಗೆ ಈ ಕಥೆ ಬೇಗ ಅರ್ಥವಾಗುತ್ತೆ. ಕಂಪ್ಯೂಟರ್ ಬರೆದ ಚಿತ್ರಗಳೂ ಒಂದು ಕಾಲದಲ್ಲಿ ಹೀಗೇ ಡಾರ್ಕ್‌ರೂಮಿನಿಂದ ಹೊರಗೆ ಬರ್ತಿದ್ದವು.

1960ರ ದಶಕದ ಆರಂಭ. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಲ್ಯಾಬ್ಸ್. ಅಲ್ಲಿನ ಐಬಿಎಂ 7090 ಕಂಪ್ಯೂಟರಿನಲ್ಲಿ ಕೆಲಸ ಮಾಡಿಸುವುದೆಂದರೆ ಪರದೆಯ ಮುಂದೆ ಕೂರುವುದಲ್ಲ. ತೂತು ಹೊಡೆದ ಕಾರ್ಡುಗಳ ಕಟ್ಟು ಕೊಟ್ಟು ಬರುವುದು. ಎಲ್ಲಿಂದ ಎಲ್ಲಿಗೆ ಗೆರೆ ಎಳೆಯಬೇಕು ಅನ್ನೋದನ್ನ ಕಂಪ್ಯೂಟರ್ ಮ್ಯಾಗ್ನೆಟಿಕ್ ಟೇಪಿಗೆ ಬರೆಯುತ್ತಿತ್ತು, ಅಷ್ಟೆ. ಆ ಟೇಪನ್ನು ಸ್ಟ್ರಾಂಬರ್ಗ್-ಕಾರ್ಲ್‌ಸನ್ 4020 ಎಂಬ ಬೇರೊಂದು ಯಂತ್ರಕ್ಕೆ ಹಾಕಬೇಕು. ಅದರೊಳಗೆ ಹಳೇ ಟೀವಿಯಲ್ಲಿದ್ದಂಥ ಒಂದು ಪಿಕ್ಚರ್ ಟ್ಯೂಬು, ಅದನ್ನೇ ನೋಡುತ್ತಾ ಕೂತ ಒಂದು 35 ಎಂಎಂ ಕ್ಯಾಮೆರಾ.

ಆ ಟ್ಯೂಬಿನ ಹೆಸರು ಕ್ಯಾರಕ್ಟ್ರಾನ್. ಟ್ರಂಕಿನ ಮೇಲೆ ಹೆಸರು ಬರೆಯಲು ಪೇಂಟರು ಅಕ್ಷರ ಕೊರೆದ ತಗಡು ಇಟ್ಟು ಬಣ್ಣ ಹೊಡೀತಾರಲ್ಲ, ಅದೇ ಉಪಾಯ. ಇಲ್ಲಿ ತಗಡು ತೀರಾ ಪುಟ್ಟದು, ಬಣ್ಣದ ಬದಲು ಎಲೆಕ್ಟ್ರಾನುಗಳ ಕಿರಣ. 'ಎ' ಆಕಾರದ ತೂತಿನಲ್ಲಿ ಕಿರಣ ತೂರಿದರೆ ಪರದೆ ಮೇಲೆ 'ಎ' ಹೊಳೆಯುತ್ತೆ. ಚುಕ್ಕಿ, ಗೆರೆಗಳನ್ನೂ ಹಾಕಬಹುದಿತ್ತು. ಅಡ್ಡಕ್ಕೆ 1024, ಉದ್ದಕ್ಕೆ 1024 ಜಾಗ. ಹೊಳೆದದ್ದೆಲ್ಲ ಫಿಲ್ಮಿನ ಮೇಲೆ ಬೀಳೋದು. ಒಂದು ಚಿತ್ರ ಮುಗಿದರೆ ಫಿಲ್ಮ್ ಮುಂದಕ್ಕೆ.

ಹಾಗಾದರೆ ಚಿತ್ರ ಓಡಿಸಲೂಬಹುದಲ್ಲ? 1963ರಲ್ಲಿ ಎಡ್ವರ್ಡ್ ಝಾಜಾಕ್ ಅದನ್ನೇ ಮಾಡಿದರು. ಭೂಮಿ ಸುತ್ತುವ ಉಪಗ್ರಹವೊಂದು ತನ್ನ ಒಂದೇ ಮುಖವನ್ನು ಸದಾ ಭೂಮಿಯ ಕಡೆಗೆ ತಿರುಗಿಸಿಟ್ಟುಕೊಳ್ಳೋದು ಹೇಗೆ? ಅಂಕಿಗಳ ರಾಶಿಯಲ್ಲಿ ಕಾಣದ ಆ ತೊಯ್ದಾಟ, ಗೆರೆಯಲ್ಲಿ ಬರೆದ ಒಂದು ಡಬ್ಬಿಯಾಗಿ ಸಿನಿಮಾದಲ್ಲಿ ಕಂಡಿತು. ಕಂಪ್ಯೂಟರ್ ಅನಿಮೇಷನ್ನಿನ ಮೊದಮೊದಲ ಚಿತ್ರಗಳಲ್ಲಿ ಅದೂ ಒಂದು.

ನನಗೆ ಇಷ್ಟವಾದ ಕಥೆ ಮಾತ್ರ ಮೈಕಲ್ ನೋಲ್ ಅವರದ್ದು. 1962ರಲ್ಲಿ ಸಹೋದ್ಯೋಗಿಯೊಬ್ಬರ ಪ್ರೋಗ್ರಾಮಿನಲ್ಲಿ ಏನೋ ತಪ್ಪಾಗಿ, ಫಿಲ್ಮ್ ತೊಳೆದಾಗ ಗೆರೆಗಳೆಲ್ಲ ಅಡ್ಡಾದಿಡ್ಡಿ. ಇದು ಕಂಪ್ಯೂಟರ್ ಕಲೆ ಅಂತ ತಮಾಷೆ ಮಾಡಿಕೊಂಡರು. ನೋಲ್ ತಮಾಷೆಗೆ ಬಿಡಲಿಲ್ಲ. ಬೇಕಂತಲೇ ಅಂಥ ಚಿತ್ರ ಮಾಡಲು ಕೂತರು. 'ಗಾಸಿಯನ್-ಕ್ವಾಡ್ರಾಟಿಕ್' ಎಂಬ ಚಿತ್ರದಲ್ಲಿ ಗೆರೆ ಅಡ್ಡಕ್ಕೆ ಎಲ್ಲಿಗೆ ಹೋಗಬೇಕು ಅನ್ನೋದು ಅದೃಷ್ಟದ ಲೆಕ್ಕ, ಮೇಲಕ್ಕೆ ಎಷ್ಟು ಏರಬೇಕು ಅನ್ನೋದು ಪಕ್ಕಾ ಸೂತ್ರ. 1965ರ ಏಪ್ರಿಲ್‌ನಲ್ಲಿ ಇಂಥ ಚಿತ್ರಗಳು ನ್ಯೂಯಾರ್ಕಿನ ಹೊವರ್ಡ್ ವೈಸ್ ಗ್ಯಾಲರಿಯ ಗೋಡೆ ಏರಿದವು.

ಎಐ ಚಿತ್ರ ಯಾರದ್ದು ಅಂತ ಈಗ ಜಗಳ ಆಡ್ತೀವಲ್ಲ, ಅದರ ಅಜ್ಜ ಇಲ್ಲಿದ್ದಾನೆ. ಆ ಚಿತ್ರದ ಹಕ್ಕುಸ್ವಾಮ್ಯ ನೋಂದಾಯಿಸಲು ನೋಲ್ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಅರ್ಜಿ ಹಾಕಿದರೆ, ಯಂತ್ರ ಮಾಡಿದ್ದಕ್ಕೆ ಕೊಡೋದಿಲ್ಲ ಅಂದರು. ಪ್ರೋಗ್ರಾಂ ಬರೆದದ್ದು ಮನುಷ್ಯ ಅಂತ ಇವರು ವಿವರಿಸಿದರು. ಆದರೆ ಅದರಲ್ಲಿ ಆಕಸ್ಮಿಕ ಇದೆಯಲ್ಲ, ಅದೂ ಆಗೋದಿಲ್ಲ ಅಂದರು. ಕಂಪ್ಯೂಟರಿನ ಆ 'ಆಕಸ್ಮಿಕ' ಸಂಖ್ಯೆಗಳೂ ಗಣಿತದ ಸೂತ್ರದಿಂದಲೇ ಹುಟ್ಟುತ್ತವೆ, ಅವು ನಿಜಕ್ಕೂ ಆಕಸ್ಮಿಕವೇ ಅಲ್ಲ ಅಂತ ನೋಲ್ ಮತ್ತೆ ತಿಳಿಸಿ ಹೇಳಿದರು. ಕಡೆಗೆ ನೋಂದಾಯಿಸಿಕೊಂಡರು.