ಬರಹದೊಡನೆ ಸಾಗುವ ವಿನ್ಯಾಸ: ಲೇಟೆಕ್ ಶೈಲಿ ಕಡತಗಳ ಚರಿತ್ರೆ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್, ತಮ್ಮ ಗ್ರಂಥದ ಮರುಮುದ್ರಣದ ಕರಡಚ್ಚುಗಳು ಕಳಪೆಯಾಗಿದ್ದುದನ್ನು ಕಂಡು 1977ರಲ್ಲಿ ರೂಪಿಸತೊಡಗಿದ ಅಕ್ಷರಜೋಡಣೆಯ ತಂತ್ರಾಂಶವೇ ಟೆಕ್. ಅದರ ತಳಹದಿಯ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ ಲೇಟೆಕ್, ಇದು ಅಧ್ಯಾಯ, ಇದು ಅಡಿಟಿಪ್ಪಣಿ ಎಂದು ಸೂಚಿಸುವ ಕೆಲಸವನ್ನಷ್ಟೇ ಲೇಖಕನಿಗೆ ಬಿಟ್ಟು, ಅವು ಪುಟದಲ್ಲಿ ಕಾಣಬೇಕಾದ ಬಗೆಯನ್ನು 'ಶೈಲಿ ಕಡತ' ಎಂಬ ಪ್ರತ್ಯೇಕ ಆದೇಶಗಳ ಕಡತಕ್ಕೆ ವಹಿಸಿತು. ಈ ಏರ್ಪಾಡಿನಿಂದ ಲೇಖಕನ ಹೊರೆ ಇಳಿಯಿತಾದರೂ ಬರಹವು ತನ್ನಷ್ಟಕ್ಕೆ ತಾನೇ ಪೂರ್ಣವಾಗಿ ಉಳಿಯಲಿಲ್ಲ. ಲೇಖಕನೇ ಬರೆದುಕೊಂಡ ಶೈಲಿ ಕಡತ ಇಲ್ಲದ ಗಣಕದಲ್ಲಿ ಆ ಬರಹದ ಪುಟಜೋಡಣೆ ಮೊದಲ ಸಾಲುಗಳಲ್ಲೇ ನಿಂತುಹೋಗುತ್ತಿತ್ತು.

ಆದ್ದರಿಂದ ಬರಹದ ಜೊತೆಗೆ ಶೈಲಿ ಕಡತವನ್ನೂ ಕಳುಹಿಸುವ ರೂಢಿ ಬೆಳೆಯಿತು. ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಲಾಸ್ ಅಲಮೋಸ್‌ನಲ್ಲಿ ಆರಂಭಿಸಿದ, ಮುಂದೆ ಆರ್ಕೈವ್ ಎಂದು ಹೆಸರಾದ ಪ್ರಬಂಧ ಭಂಡಾರವು ಲೇಖಕರಿಂದ ಮೂಲ ಕಡತಗಳನ್ನೇ ಪಡೆದು ತನ್ನ ಗಣಕದಲ್ಲಿ ಪುಟಗಳನ್ನು ಸಿದ್ಧಪಡಿಸುತ್ತಿದ್ದುದರಿಂದ, ಅಲ್ಲಿ ಈ ರೂಢಿ ಅನಿವಾರ್ಯವೇ ಆಯಿತು.

1994ರಲ್ಲಿ ಬಂದ ಲೇಟೆಕ್‌ನ ಹೊಸ ಆವೃತ್ತಿಯು ಬರಹದ ಒಟ್ಟು ಸ್ವರೂಪವನ್ನು ನಿರ್ಧರಿಸುವ 'ಕ್ಲಾಸ್' ಕಡತವನ್ನೂ ಹೆಚ್ಚುವರಿ ಸೌಲಭ್ಯ ಒದಗಿಸುವ 'ಪ್ಯಾಕೇಜ್' ಕಡತವನ್ನೂ ಬೇರ್ಪಡಿಸಿದ್ದಲ್ಲದೆ, ಎರಡನ್ನೂ ಬರಹದೊಳಗೇ ಅಡಕಗೊಳಿಸಬಲ್ಲ 'ಫೈಲ್‌ಕಂಟೆಂಟ್ಸ್' ಎಂಬ ವ್ಯವಸ್ಥೆಯನ್ನು ಒದಗಿಸಿತು. ಬರಹದ ತಲೆಭಾಗದಲ್ಲಿ ಕಡತದ ಹೆಸರನ್ನು ಸೂಚಿಸಿ ಅದರ ಸಾಲುಗಳನ್ನು ಹಾಗೆಯೇ ಸೇರಿಸಿದರೆ, ಪಡೆದವರ ಗಣಕದಲ್ಲಿ ಲೇಟೆಕ್ ಓಡಿದಾಗ ಆ ಸಾಲುಗಳು ಮೊದಲು ಪ್ರತ್ಯೇಕ ಕಡತವಾಗಿ ಉಳಿದುಕೊಂಡು ಬಳಿಕ ಬಳಕೆಗೆ ಬರುತ್ತಿದ್ದವು. ಅದೇ ಹೆಸರಿನ ಕಡತ ಅಲ್ಲಿ ಮೊದಲೇ ಇದ್ದರೆ ಮಾತ್ರ ಅದನ್ನು ಮುಟ್ಟದೆ, ಎಚ್ಚರಿಕೆ ನೀಡಿ ಮುಂದುವರಿಯುತ್ತಿತ್ತು.

ಈ ಎಚ್ಚರಕ್ಕೆ ತಕ್ಕ ಕಾರಣವಿತ್ತು. ಪ್ರತಿಗಳು ಹರಡಿದಷ್ಟೂ ಒಂದೇ ಹೆಸರಿನ ಕಡತಗಳೊಳಗೆ ಬೇರೆ ಬೇರೆ ಆದೇಶಗಳು ಇರುವ ಸಂಭವ ಹೆಚ್ಚುತ್ತಿತ್ತು; ಕೆಲಸದ ಫೋಲ್ಡರ್‌ನಲ್ಲಿರುವ ಹಳೆಯ ಪ್ರತಿಯೇ ಸಾಮಾನ್ಯವಾಗಿ ಮೊದಲು ಸಿಗುವುದರಿಂದ, ಗಣಕದಲ್ಲಿರುವ ಪರಿಷ್ಕೃತ ಪ್ರತಿ ಬಳಕೆಗೆ ಬಾರದೆಯೂ ಹೋಗಬಹುದಾಗಿತ್ತು. ಕಡತವನ್ನು ತಿದ್ದಿದವರು ಅದರ ಹೆಸರನ್ನೂ ಬದಲಿಸಬೇಕೆಂದು 1999ರ ಲೇಟೆಕ್ ಪರವಾನಗಿ ವಿಧಿಸಿದ್ದು ಇಂಥ ಗೊಂದಲವನ್ನು ತಡೆಯಲೆಂದೇ. ಇರುವ ಕಡತವನ್ನು ಅಳಿಸಿ ಬರೆಯುವ ಆಯ್ಕೆ ಫೈಲ್‌ಕಂಟೆಂಟ್ಸ್‌ಗೆ ದೊರೆತದ್ದು 2019ರಲ್ಲಿ, ಅದೂ ಲೇಖಕ ಸ್ಪಷ್ಟವಾಗಿ ಕೇಳಿದಾಗ ಮಾತ್ರ. ರೂಪವನ್ನು ಬರಹದಿಂದ ಬೇರ್ಪಡಿಸಿದ ವ್ಯವಸ್ಥೆಯೇ ಅವೆರಡನ್ನೂ ಒಟ್ಟಿಗೆ ಸಾಗಿಸುವ ದಾರಿಯನ್ನೂ, ಹಾಗೆ ಸಾಗಿಸುವಾಗ ಪಾಲಿಸಬೇಕಾದ ಶಿಸ್ತನ್ನೂ ಕಂಡುಕೊಳ್ಳಬೇಕಾಯಿತು.