ಅಂಬಾರಿಯ ಪಿಸ್ತೂಲು

ಬೇಟೆಗಾರನ ಶೌರ್ಯವನ್ನು ಅಳೆಯಬೇಕಾದರೆ ಎಷ್ಟು ಮೃಗಗಳನ್ನು ಕೊಂದನೆಂದು ಕೇಳಿ ಪ್ರಯೋಜನವಿಲ್ಲ. ಕೊಲ್ಲುವಾಗ ಎಷ್ಟು ಮಾರು ದೂರದಲ್ಲಿದ್ದನೆಂದು ಕೇಳಬೇಕು. ಈಟಿ ಹಿಡಿದವನು ಹಂದಿಯ ಉಸಿರು ತಾಗುವಷ್ಟು ಹತ್ತಿರ ನಿಲ್ಲಬೇಕಾಗಿತ್ತು. ಬಿಲ್ಲು ಬಂದಾಗ ಮನುಷ್ಯ ನಾಲ್ಕು ಹೆಜ್ಜೆ ಹಿಂದೆ ಸರಿದ. ಕೋವಿ ಬಂದಾಗ ಇನ್ನೂ ಹಿಂದಕ್ಕೆ ಹೋದ. ರೈಫಲು ಬಂದ ಮೇಲಂತೂ ಮೃಗಕ್ಕೆ ತನ್ನನ್ನು ಕೊಂದವನ ಮುಖವನ್ನು ಕಾಣುವ ಅವಕಾಶವೇ ಇಲ್ಲದೆ ಹೋಯಿತು. ಮದ್ದುಗುಂಡಿನ ಆಯುಧಗಳಲ್ಲಿ ಮನುಷ್ಯನನ್ನು ಮತ್ತೆ ಹತ್ತಿರಕ್ಕೆ ಎಳೆದು ತಂದದ್ದು ಒಂದೇ ಒಂದು. ಅದು ಪಿಸ್ತೂಲು.

ದೊಡ್ಡ ಬೇಟೆಗೆ ಪಿಸ್ತೂಲು ಹಿಡಿದು ಹೋಗುವ ಶೋಕಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಸ್ಮಿತ್ ಅಂಡ್ ವೆಸನ್ ಕಂಪನಿ 1935ರಲ್ಲಿ .357 ಮ್ಯಾಗ್ನಮ್ ಎಂಬ ರಿವಾಲ್ವರನ್ನೂ 1955ರ ಕೊನೆಯಲ್ಲಿ ಅದಕ್ಕಿಂತ ಬಲವಾದ .44 ಮ್ಯಾಗ್ನಮನ್ನೂ ಹೊರತಂದಿತು. 2003ರಲ್ಲಿ ಬಂದ .500 ಮ್ಯಾಗ್ನಮ್ ರಿವಾಲ್ವರಿನ ಉದ್ದ ನಳಿಗೆಯ ಮಾದರಿ ಸುಮಾರು 2 ಕಿಲೋ ತೂಗುತ್ತದೆ. ಇವುಗಳಿಂದ ಕರಡಿಯನ್ನೂ ಕಡವೆಯ ಜಾತಿಯ ದೊಡ್ಡ ಮೃಗಗಳನ್ನೂ ಹೊಡೆಯುವವರು ಅಲ್ಲಿ ಈಗಲೂ ಇದ್ದಾರೆ. ಗಿಡ್ಡ ನಳಿಗೆಯಿಂದ ಹೊರಟ ಗುಂಡಿಗೆ ರೈಫಲಿನ ಗುಂಡಿನ ವೇಗವಿಲ್ಲ. ಹೆಗಲಿನ ಆಸರೆಯಿಲ್ಲದ ಕೈ ಕೂದಲೆಳೆಯಷ್ಟು ಅಲುಗಿದರೂ ಗುರಿ ಮೊಳದುದ್ದ ತಪ್ಪುತ್ತದೆ. ಆದ್ದರಿಂದ ಮೃಗದ ಹತ್ತಿರಕ್ಕೆ ಹೋಗಲೇಬೇಕು. ಅದೇ ಇದರ ಹೆಚ್ಚುಗಾರಿಕೆ ಎಂದು ಅವರ ವಾದ. ಹೀಗೆ ವಾದಿಸುವವರಲ್ಲೇ ಕೆಲವರು ಪಿಸ್ತೂಲಿನ ಮೇಲೆ ದುರ್ಬೀನು ಕೂರಿಸಿಕೊಂಡು ನೂರು ಗಜ ದೂರಕ್ಕೆ ಗುರಿಯಿಡುತ್ತಾರೆ ಎಂಬುದು ಬೇರೆ ಮಾತು!

ನಮ್ಮ ದೇಶದ ಕಥೆ ಇದಕ್ಕಿಂತ ಹಳೆಯದು, ಸ್ವಾರಸ್ಯವೂ ಹೆಚ್ಚು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಲಿಬೇಟೆಗೆ ಹೊರಟ ಬಿಳಿಯ ಅಧಿಕಾರಿಗಳೂ ರಾಜರೂ ಆನೆಯ ಮೇಲಿನ ಅಂಬಾರಿಯಲ್ಲಿ ಕೂತು ಹೊಡೆಯುತ್ತಿದ್ದರು. ಉರ್ದುವಿನಲ್ಲಿ ಅಂಬಾರಿಗೆ ಹೌದಾ ಎನ್ನುತ್ತಾರೆ. ರೈಫಲಿನ ಗುಂಡು ತಗುಲಿಯೂ ಸಾಯದ ಹುಲಿ ಒಮ್ಮೊಮ್ಮೆ ಆನೆಯ ತಲೆಯ ಮೇಲಕ್ಕೋ ಬೆನ್ನಿನ ಮೇಲಕ್ಕೋ ನೆಗೆದುಬಿಡುತ್ತಿತ್ತು. ಆಗ ಉದ್ದನೆಯ ರೈಫಲನ್ನು ತಿರುಗಿಸುವುದಕ್ಕೆ ಜಾಗವೂ ಇಲ್ಲ, ಹೊತ್ತೂ ಇಲ್ಲ. ಅಂಥ ಗಳಿಗೆಗೆಂದೇ ಇಂಗ್ಲೆಂಡಿನ ಕೋವಿ ತಯಾರಕರು ಒಂದು ಪಿಸ್ತೂಲನ್ನು ಮಾಡಿಕೊಟ್ಟರು. ಅದಕ್ಕೆ ಹೌದಾ ಪಿಸ್ತೂಲು ಎಂದೇ ಹೆಸರು. ಎರಡು ಗಿಡ್ಡ ನಳಿಗೆ. ಕೆಲವಕ್ಕೆ ನಾಲ್ಕೂ ಉಂಟು. ಬಹಳ ಮಂದಿ ಇಟ್ಟುಕೊಳ್ಳುತ್ತಿದ್ದ .577 ಮಾದರಿಯ ಗುಂಡಿನ ದಪ್ಪ ಒಂದಂಗುಲದ ಅರ್ಧಕ್ಕಿಂತ ಹೆಚ್ಚು. ಅದರ ಗುರಿಯ ದೂರ ಎರಡು ಗಜವಾದರೆ ಹೆಚ್ಚು. ಹೊಡೆದವನ ಮಣಿಕಟ್ಟು ಉಳುಕಬಹುದು, ಹೊಗೆಯಲ್ಲಿ ಕಣ್ಣು ಕಾಣದಿರಬಹುದು. ಹುಲಿ ಕೆಳಕ್ಕೆ ಬಿದ್ದರೆ ಸಾಕು.

ಈ ಪಿಸ್ತೂಲು ಬೇಟೆಯಾಡುವುದಕ್ಕಾಗಿ ಹುಟ್ಟಿದ್ದಲ್ಲ, ಬೇಟೆ ತಿರುಗಿಬಿದ್ದಾಗ ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ ಹುಟ್ಟಿದ್ದು ಎಂಬುದನ್ನು ಓದುಗರು ಗಮನಿಸಬೇಕು. ಗೋಡೆಗೆ ತಗುಲಿಹಾಕಿದ ಹುಲಿಯ ತಲೆ ಬೇಟೆಗಾರನ ಶೌರ್ಯವನ್ನು ಸಾರುತ್ತದೆ. ಅವನ ಸೊಂಟದ ಹೌದಾ ಪಿಸ್ತೂಲು ಅವನ ಭಯವನ್ನು ಹೇಳುತ್ತದೆ. ಎರಡರಲ್ಲಿ ಹೆಚ್ಚು ಸತ್ಯವಂತ ಸಾಕ್ಷಿ ಪಿಸ್ತೂಲೇ ಎಂದು ನನ್ನ ನಂಬಿಕೆ.

ಸೇಡಂ, ಚಿಂಚೋಳಿಗಳ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಮನೆತನದಲ್ಲಿ ಬೇಟೆಗೆ ಹೆಸರಾದವರು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು. 1869ರಲ್ಲಿ ಮೂರು ವರ್ಷವೂ ತುಂಬದ ಮಗುವಾಗಿ ಪಟ್ಟಕ್ಕೆ ಬಂದು 1911ರಲ್ಲಿ ತೀರಿಕೊಂಡರು. ಮೂವತ್ತು ಹುಲಿ ಹೊಡೆದದ್ದರಿಂದ ಅವರನ್ನು ‘ತೀಸ್ ಮಾರ್ ಖಾನ್’ ಎಂದು ಕರೆದರೆಂಬ ಪ್ರತೀತಿಯುಂಟು. ಅವರ ಶಿಕಾರಿಯ ಶಿಬಿರಗಳ ಚಿತ್ರಗಳನ್ನು ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ತೆಗೆದಿದ್ದಾರೆ. ಸತ್ತ ಹುಲಿಗಳು ಮುಂದೆ, ಒಡೆಯರೂ ಅತಿಥಿಗಳೂ ಅವುಗಳ ಹಿಂದೆ. ಬೇಟೆಯ ಚಿತ್ರವೆಂದರೆ ಆ ಕಾಲಕ್ಕೆ ಹೀಗೇ.

ಅಂಥ ಅತಿಥಿಗಳಲ್ಲಿ ಒಬ್ಬ ಆಸ್ಟ್ರಿಯದ ರಾಜಕುಮಾರ ಫ್ರಾನ್ಸ್ ಫರ್ಡಿನಾಂಡ್. 1893ರ ಜನವರಿಯಲ್ಲಿ ಮುಂಬಯಿಯಿಂದ ಹೈದರಾಬಾದಿಗೆ ಬಂದು ಸಂಸ್ಥಾನದ ಕಾಡುಗಳಲ್ಲಿ ಬೇಟೆಯಾಡಿದ. ಆಗ ಮುಂಬಯಿಯಿಂದ ಹೈದರಾಬಾದಿಗೆ ರೈಲಿನ ದಾರಿ ನಮ್ಮ ವಾಡಿಯ ಮೇಲೆ, ಚಿತ್ತಾಪುರ, ಸೇಡಂಗಳನ್ನು ಹಾದು ಹೋಗುತ್ತಿತ್ತು. ಆತ ತನ್ನ ಜೀವಮಾನದಲ್ಲಿ ಕೊಂದ ಪ್ರಾಣಿಪಕ್ಷಿಗಳ ಲೆಕ್ಕ 2,70,000ಕ್ಕೂ ಮೇಲೆ. ಅದನ್ನು ಬರೆದಿಡಿಸಿದ್ದವನೂ ಅವನೇ. ಅವನ ಕೊನೆ ಹೇಗಾಯಿತೆಂಬುದು ಲೋಕಕ್ಕೆಲ್ಲ ಗೊತ್ತು. 1914ರ ಜೂನ್ 28ರಂದು ಸರಾಯೆವೋ ನಗರದ ಬೀದಿಯಲ್ಲಿ ಒಬ್ಬ ಹುಡುಗ ಕೆಲವೇ ಅಡಿಗಳ ದೂರದಿಂದ ಒಂದು ಪುಟ್ಟ ಬ್ರೌನಿಂಗ್ ಪಿಸ್ತೂಲಿನಿಂದ ಹೊಡೆದ. ಆ ಗುಂಡಿನ ಹೊಗೆಯಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಲಕ್ಷಗಟ್ಟಲೆ ಮೃಗಗಳನ್ನು ದೂರದಿಂದ ಕೊಂದವನಿಗೆ ಸಾವು ಮಾತ್ರ ಮಾರು ದೂರಕ್ಕೆ ಬಂದು ನಿಂತಿತು.

ಬೇಟೆಯ ಚಿತ್ರಗಳಲ್ಲೂ ಆತ್ಮಕಥೆಗಳಲ್ಲೂ ಒಬ್ಬನ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ. ಅವನು ಮೃಗವನ್ನು ಸೋವಿ ತರುವವನು. ಹೈದರಾಬಾದು ಸೀಮೆಯಲ್ಲಿ ಈ ಕೆಲಸಕ್ಕೆ ಹಾಂಕಾ ಎನ್ನುತ್ತಿದ್ದರು. ಹಳ್ಳಿಗಳಿಂದ ಜನರನ್ನು ಸೇರಿಸಿ, ಕಾಡಿನ ಒಂದು ಮಗ್ಗುಲಲ್ಲಿ ಸಾಲಾಗಿ ನಿಲ್ಲಿಸುವುದು. ಹಲಗೆ ಬಡಿಯುತ್ತ, ಕೂಗುತ್ತ, ಪೊದೆಗಳನ್ನು ಕೋಲಿನಿಂದ ಹೊಡೆಯುತ್ತ ಅವರು ಮುಂದುವರಿಯುವುದು. ಎದ್ದ ಹುಲಿ ಇನ್ನೊಂದು ಮಗ್ಗುಲಲ್ಲಿ ಅಟ್ಟಣೆಯ ಮೇಲೋ ಆನೆಯ ಮೇಲೋ ಕಾದಿರುವ ದೊರೆಗಳ ಮುಂದೆ ಹೊರಬೀಳುವುದು. ಹುಲಿ ಹೊರಬೀಳದೆ ಹಿಂದಕ್ಕೆ ತಿರುಗಿದರೆ ಅದರ ದಾರಿಗೆ ಸಿಗುತ್ತಿದ್ದವರು ಹಲಗೆಯವರು.

ಚಿಂಚೋಳಿಯ ಕಡೆಯ ಮುದುಕರೊಬ್ಬರ ಅಜ್ಜ ಇಂಥ ಹಾಂಕಾಕ್ಕೆ ಹೋಗುತ್ತಿದ್ದವರಂತೆ. ಅವರ ಕೈಯಲ್ಲಿ ಏನಿರುತ್ತಿತ್ತು ಎಂದು ನಾನು ಕೇಳಿದೆ. ಮುದುಕರು ನಕ್ಕು, “ಕೈಯಾಗ ಹಲಗಿ ಇರ್ತಿತ್ತರೀ, ಮತ್ತೇನಿರ್ತದ?” ಎಂದರು. ಬೇಟೆಯಲ್ಲಿ ಹುಲಿಗೆ ಎಲ್ಲರಿಗಿಂತ ಹತ್ತಿರ ನಡೆದವನ ಕೈಯಲ್ಲಿ ಪಿಸ್ತೂಲಿರಲಿಲ್ಲ. ಆನೆಯ ಎತ್ತರದಲ್ಲಿ ಕೂತವನ ಸೊಂಟದಲ್ಲಿತ್ತು.

ಇದೇ ಸೇಡಂ ತಾಲ್ಲೂಕಿನ ಮಣ್ಣಿಗೆ ಸಂಬಂಧಪಟ್ಟ ಇನ್ನೊಂದು ಬೇಟೆ ನನಗೆ ಇಲ್ಲಿ ನೆನಪಾಗುತ್ತದೆ. ಚಿತ್ತಾಪುರ ದಾಟಿದ ಮೇಲೆ ಸಿಗುವ ಮಳಖೇಡ ರೋಡ್ ನಿಲ್ದಾಣದ ಹೆಸರಿನ ಊರು, ಕಾಗಿಣಾ ತೀರದ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟವೆಂಬುದು ಸರ್ವವಿದಿತ. ಅಲ್ಲಿಂದ ಆಳಿದ ಮೂರನೆಯ ಕೃಷ್ಣನ, ಎಂದರೆ ಕನ್ನರದೇವನ ಕಾಲದ ಶಾಸನವೊಂದು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆಯಿತು. ಅದರ ಕಾಲ ಶಕ 872, ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದಾಗ ಗಂಗರ ಬೂತುಗನ ಕಡೆಯ ಮಣಲೇರನೆಂಬ ವೀರನ ಸಾಹಸಕ್ಕೆ ಒಡೆಯರು ಮೆಚ್ಚಿ ಬೇಕಾದುದನ್ನು ಬೇಡೆಂದರು. ಆತ ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟ. ನಾಯಿಯೂ ಹಂದಿಯೂ ಸೆಣಸುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ನಾಡಿನಲ್ಲಿ ಹುಲಿಬೇಟೆ, ಹಂದಿಬೇಟೆಗಳಲ್ಲಿ ಮಡಿದವರ ವೀರಗಲ್ಲುಗಳು ಬೇಕಾದಷ್ಟಿವೆ. ಅವುಗಳಲ್ಲಿ ಮನುಷ್ಯನೂ ಮೃಗವೂ ಮೈಗೆ ಮೈ ತಾಗಿ ನಿಂತಿರುತ್ತವೆ. ಹತ್ತಿರ ಹೋದವನಿಗೆ ಕಲ್ಲು ಎಂಬುದು ಆ ಕಾಲದ ನ್ಯಾಯ. ಅದರ ಪ್ರಕಾರ ಒಂದು ನಾಯಿಗೂ ಕಲ್ಲು ಸಂದಿತು. ಹಂದಿಯ ಚಿತ್ರಕ್ಕೂ ಆ ಕಲ್ಲಿನಲ್ಲಿ ಜಾಗ ಸಿಕ್ಕಿತು. ಒಂಬತ್ತೂವರೆ ಶತಮಾನಗಳ ತರುವಾಯದ ಬೇಟೆಯಲ್ಲಿ ಹಲಗೆ ಹಿಡಿದು ಸತ್ತವನಿಗೆ ಆ ನಾಯಿಗಾದಷ್ಟು ಮರ್ಯಾದೆಯೂ ಆಗಲಿಲ್ಲ. ಆಯುಧ ಮುಂದುವರಿದಂತೆ ಕೃತಜ್ಞತೆ ಹಿಂದೆ ಬಿದ್ದಿತೆನ್ನಬೇಕೇ?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಶೋಕಿಯ ಬೇಟೆಗೆ ತೆರೆ ಬಿದ್ದಿದೆ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ವಿಸ್ತಾರ ಸುಮಾರು 135 ಚದರ ಕಿಲೋಮೀಟರು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳು ಅಲ್ಲಿವೆ. ಹೌದಾ ಪಿಸ್ತೂಲುಗಳನ್ನು ಈಗ ಪರದೇಶದ ಹರಾಜುಗಳಲ್ಲಿ ಸಂಗ್ರಾಹಕರು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ. ಮಾಡಿದ ಕಂಪನಿಯ ಹೆಸರು ನಳಿಗೆಯ ಮೇಲಿರುತ್ತದೆ. ಕೆಲವದರಲ್ಲಿ ಇಟ್ಟುಕೊಂಡಿದ್ದ ದೊರೆಯ ಹೆಸರೂ ಇರುತ್ತದೆ. ಹಲಗೆಗಳ ಮೇಲೆ ಯಾರೂ ಹೆಸರು ಕೆತ್ತಿಸಿರಲಿಲ್ಲ. ಚರ್ಮ ಹರಿದ ಮೇಲೆ ಅವನ್ನು ಬಿಸಾಡಿ ಬೇರೆ ಕಟ್ಟಿಕೊಂಡರು.