ಗೇರುಸೊಪ್ಪೆಯ ಮೆಣಸು

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನಾ ದ ಪಿಮೆಂತಾ’ ಎಂದು ಕರೆದರು. ಅದನ್ನೇ ನಾವು ‘ಕಾಳುಮೆಣಸಿನ ರಾಣಿ’ ಎಂದು ಕನ್ನಡಿಸಿಕೊಂಡು ಅಭಿಮಾನಪಡುತ್ತ ಬಂದಿದ್ದೇವೆ. ನನಗಂತೂ ಅದು ಬಿರುದಾಗಿ ತೋರುವುದಿಲ್ಲ. ಕೊಳ್ಳಲು ಬಂದವರು ತಮ್ಮ ಸರಕಿನ ಹೆಸರಿನಿಂದಲೇ ಒಬ್ಬ ಅರಸಿಯನ್ನು ಗುರುತಿಸಿದ ಬಗೆ ಅದು.

ಸಾಳುವ ವಂಶದ ಈ ಜೈನ ರಾಣಿ 1552ರಿಂದ 1606ರವರೆಗೆ ಆಳಿದಳೆಂದು ಇತಿಹಾಸಕಾರರು ಹೇಳುತ್ತಾರೆ. ಆಕೆಯ ಬಲದ ಗುಟ್ಟು ಊರಿನ ನೆಲೆಯಲ್ಲಿಯೇ ಇತ್ತು. ಮೆಣಸು ಬೆಳೆಯುತ್ತಿದ್ದುದು ಘಟ್ಟದ ತೋಟ, ಕಾಡುಗಳಲ್ಲಿ. ಬಳ್ಳಿ ಮರವನ್ನಪ್ಪಿ ಏರುತ್ತದೆ. ಬಲಿತ ಗೊಂಚಲುಗಳನ್ನು ಕೊಯ್ದು, ಕಾಳು ಬಿಡಿಸಿ ಬಿಸಿಲಿಗೆ ಹರವಿದರೆ ಹಸಿರು ಕಪ್ಪಾಗುತ್ತದೆ. ಚೆನ್ನಾಗಿ ಒಣಗಿದ ಕಾಳು ವರ್ಷಗಟ್ಟಲೆ ಕೆಡದು. ಲಿಸ್ಬನ್ನಿನವರೆಗೆ ಪಯಣಿಸಲು ಬೇಕಾದ ಗುಣವೂ ಅದೇ. ಘಟ್ಟವಿಳಿದ ಸರಕು ಶರಾವತಿಯ ದಡದ ಗೇರುಸೊಪ್ಪೆಯಲ್ಲಿ ದೋಣಿಯೇರಿ ಹೊನ್ನಾವರ ಸೇರಬೇಕು. ಬೆಳೆಗಾರನಿಗೂ ಹಡಗಿನವನಿಗೂ ನಡುವಣ ಆ ಕಟ್ಟೆ ರಾಣಿಯ ಕೈಯಲ್ಲಿತ್ತು. 1510ರಲ್ಲೇ ಗೋವೆಯನ್ನು ಹಿಡಿದಿದ್ದ ಪೋರ್ಚುಗೀಸರ ತೋಪುಗಳು ಕಡಲನ್ನು ಆಳಬಲ್ಲವಾಗಿದ್ದವು, ಘಟ್ಟವನ್ನಲ್ಲ. 1569ರಲ್ಲಿ ಅವರು ಹೊನ್ನಾವರವನ್ನು ಗೆದ್ದರು. ಆದರೂ ರಾಣಿಯ ಆಳ್ವಿಕೆ ಇನ್ನೂ ಮೂರು ದಶಕಗಳಿಗೂ ಮೀರಿ ನಡೆಯಿತು.

ಕಾಳುಮೆಣಸನ್ನು ಒಯ್ಯಲು ಬಂದ ಇದೇ ಜನ ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಇತ್ತ ತಂದರು. ಹೊಸಬನಿಗೆ ಕನ್ನಡ ಹಳಬನ ಹೆಸರನ್ನೇ ಕೊಟ್ಟಿತು. ಕೊಂಡಾಪುರದಲ್ಲಿ ನೆಲೆಸಿದ ನಮ್ಮ ಕಿವಿಗೆ ನಿತ್ಯ ಬೀಳುವ ತೆಲುಗಿನಲ್ಲೂ ಹೀಗೆಯೇ: ಮಿರಿಯಾಲು, ಮಿರಪಕಾಯ. ಖಾರದ ಊಟಕ್ಕೆ ಹೆಸರಾದ ಈ ಸೀಮೆಯಲ್ಲಿ ಮೆಣಸಿನಕಾಯಿ ಹೊರಗಿನದೆಂದರೆ ನಂಬುವವರು ಕಡಿಮೆ.

ರಾಣಿಯನ್ನು ಕೊನೆಗೆ ಸೋಲಿಸಿದವರು ಪೋರ್ಚುಗೀಸರಲ್ಲ, ಕೆಳದಿಯ ವೆಂಕಟಪ್ಪ ನಾಯಕ. ಸೆರೆಯಲ್ಲಿಯೇ ಆಕೆ ತೀರಿಕೊಂಡಳೆಂಬುದು ಪ್ರತೀತಿ. ಮೆಣಸಿನ ವ್ಯಾಪಾರ ಕೆಳದಿಯವರ ಪಾಲಾಯಿತು. ಅದರೊಡನೆ ಗೇರುಸೊಪ್ಪೆಯ ಬಾಳೂ ಮುಗಿಯಿತು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೊರಟ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ ಹೊಳೆಯ ಮಾರ್ಗವಾಗಿ ಇಲ್ಲಿಗೆ ಬಂದಾಗ, ಒಂದು ಕಾಲದ ಪ್ರಸಿದ್ಧ ಪಟ್ಟಣ ಪಾಳುಬಿದ್ದು ಕಾಡಾಗುತ್ತಿತ್ತು. ರಾಣಿಗೆ ಪೋರ್ಚುಗೀಸರು ಇಟ್ಟ ಹೆಸರನ್ನು ಅವನೂ ಬರೆದಿಟ್ಟಿದ್ದಾನೆ. ಏಣಿಯೇರಿ ಗೊಂಚಲು ಕೊಯ್ದವರ ಹೆಸರು ಮಾತ್ರ ಯಾವ ಪ್ರವಾಸಿಗೂ ಬೇಕಾಗಲಿಲ್ಲ.

ಚತುರ್ಮುಖ ಬಸದಿ ಇಂದಿಗೂ ಆ ಕಾಡಿನ ನಡುವೆ ನಿಂತಿದೆ. ಘಟ್ಟದ ಮೇಲಿನ ತೋಟಗಳಲ್ಲಿ ಬಳ್ಳಿ ಈಗಲೂ ಅಡಿಕೆ ಮರವನ್ನು ಏರುತ್ತದೆ. ಕಾಳು ಗೇರುಸೊಪ್ಪೆಗೆ ಇಳಿಯದೆ ಶಿರಸಿಯ ಮಾರುಕಟ್ಟೆಗೆ ಹೋಗುತ್ತದೆ.